ಮರೆಯ ಆಯುಧ: ಕಿರುಪಿಸ್ತೂಲು, ಉಡುಪು ಮತ್ತು ಶಾಸನ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ರಣರಂಗದ ಆಯುಧಗಳನ್ನು ಕುರಿತೇ ಬರೆದಿದ್ದಾರೆ. ಕೋಟೆಯ ಗೋಡೆಯನ್ನು ಕೆಡವಿದ ಫಿರಂಗಿ, ಪದಾತಿಯ ಹೆಗಲ ಮೇಲಿನ ಬಂದೂಕು, ರಾವುತನ ಕತ್ತಿ ಇವುಗಳಿಗೆ ದೊರೆತಿರುವ ಗಮನವು, ನಾಗರಿಕನೊಬ್ಬನು ಬೆಳಗ್ಗೆ ಮನೆಯಿಂದ ಹೊರಡುವಾಗ ಅಂಗಿಯ ಅಡಿಯಲ್ಲಿ ಸೇರಿಸಿಕೊಂಡು ಹೋಗುವ ಗೇಣುದ್ದದ ಪಿಸ್ತೂಲಿಗೆ ದೊರೆತಿಲ್ಲ. ಇದಕ್ಕೆ ಕಾರಣವೂ ಉಂಟು. ಸೈನ್ಯದ ಆಯುಧವು ಸರ್ಕಾರದ ದಫ್ತರದಲ್ಲಿ ದಾಖಲಾಗುತ್ತದೆ. ಜೇಬಿನ ಆಯುಧವು ಕಾಣಬಾರದೆಂದೇ ಹುಟ್ಟಿದುದು. ತಯಾರಕರ ಬೆಲೆಪಟ್ಟಿಗಳನ್ನು ಬಿಟ್ಟರೆ, ಅದು ಇತಿಹಾಸಕಾರನ ಕಣ್ಣಿಗೆ ಬೀಳುವುದು ಎರಡೇ ಸಂದರ್ಭಗಳಲ್ಲಿ: ಅದನ್ನು ನಿಷೇಧಿಸಿ ಶಾಸನವೊಂದು ಹೊರಟಾಗ, ಇಲ್ಲವೆ ಅದರಿಂದ ಕೊಲೆಯೊಂದು ನಡೆದಾಗ. ಅದನ್ನು ಇಟ್ಟುಕೊಂಡೂ ಒಮ್ಮೆಯೂ ಹೊರತೆಗೆಯದೆ ಬಾಳಿ ಹೋದ ಲಕ್ಷಾಂತರ ಜನರು ಯಾವ ದಾಖಲೆಯನ್ನೂ ಬಿಟ್ಟುಹೋಗಿಲ್ಲ.

ಆತ್ಮರಕ್ಷಣೆಗಾಗಿ ಪ್ರತಿದಿನವೂ ಮೈಮೇಲೆ ಒಯ್ಯುವ ಚಿಕ್ಕ ಪಿಸ್ತೂಲನ್ನು ಜನರು ಹೇಗೆ ಆರಿಸಿದರು, ಹೇಗೆ ಒಯ್ದರು, ಆ ಒಯ್ಯುವಿಕೆಯನ್ನು ಸಮಾಜವು ಯಾವ ಭಾವದಿಂದ ಕಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಷಯದ ನೆಲೆ ಮುಖ್ಯವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳು. ಅದರ ಬೇರುಗಳು ಯೂರೋಪಿನಲ್ಲಿವೆ. ಕೊನೆಯಲ್ಲಿ ನಮ್ಮ ದೇಶವನ್ನೂ, ವಿಶೇಷವಾಗಿ ಕೊಡಗನ್ನೂ ಹೋಲಿಕೆಗಾಗಿ ನೋಡಲಾಗುವುದು. ಯಂತ್ರಕೌಶಲವು ಬೆಳೆದಂತೆಲ್ಲ ಪಿಸ್ತೂಲು ಚಿಕ್ಕದಾಯಿತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಸತ್ಯ. ಉಡುಪಿನ ಹೊಲಿಗೆ, ಶಾಸನದ ಮಾತು, ಮಾನಾಪಮಾನಗಳ ಕಲ್ಪನೆ ಇವು ಕಮ್ಮಾರನ ಕೈಯಷ್ಟೇ ಬಲವಾಗಿ ಈ ಆಯುಧದ ರೂಪವನ್ನು ನಿರ್ಣಯಿಸಿವೆ. ಅದಕ್ಕಿಂತ ಗಮನಾರ್ಹವಾದ ಸಂಗತಿಯೆಂದರೆ, ಆಯುಧವನ್ನು ಮರೆಮಾಡಿ ಒಯ್ಯುವುದು ಹೇಡಿತನವೆಂದು ಒಂದು ಶತಮಾನ ಕಾಲ ಸಾರಿದ ಸಮಾಜವೇ, ಮುಂದಿನ ಶತಮಾನದಲ್ಲಿ ಅದನ್ನೇ ಸಭ್ಯನಾಗರಿಕನ ಲಕ್ಷಣವೆಂದು ಒಪ್ಪಿಕೊಂಡಿತು.

ಮೊದಲ ಕೋವಿಗಳನ್ನು ಬಚ್ಚಿಡುವುದು ಸಾಧ್ಯವೇ ಇರಲಿಲ್ಲ. ಅವುಗಳನ್ನು ಹಾರಿಸಲು ಉರಿಯುತ್ತಿರುವ ಬತ್ತಿ ಬೇಕಾಗಿದ್ದಿತು. ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ ಎಂದು ನಾವು ಗಾದೆಯ ಮಾತಾಗಿ ಹೇಳುವುದನ್ನು ಆ ಕಾಲದಲ್ಲಿ ಯಾರಾದರೂ ಅಕ್ಷರಶಃ ಮಾಡಿದ್ದರೆ ಅವನ ಉಡುಪೇ ಅವನನ್ನು ಸುಡುತ್ತಿದ್ದಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಚಕ್ರದ ಕೀಲು ಈ ಸ್ಥಿತಿಯನ್ನು ಬದಲಾಯಿಸಿತು. ಸುರುಳಿಕಂಬಿಯ ಬಲದಿಂದ ತಿರುಗುವ ಉಕ್ಕಿನ ಚಕ್ರವು ಕಲ್ಲಿಗೆ ಉಜ್ಜಿ ಕಿಡಿಯನ್ನು ಹುಟ್ಟಿಸುತ್ತಿದ್ದುದರಿಂದ, ಮದ್ದುಗುಂಡುಗಳನ್ನು ತುಂಬಿ ಕೀಲನ್ನು ಬಿಗಿದ ಪಿಸ್ತೂಲು ನಿಲುವಂಗಿಯ ಅಡಿಯಲ್ಲಿ ಗಂಟೆಗಟ್ಟಲೆ ಸಿದ್ಧವಾಗಿ ಕುಳಿತಿರಬಹುದಾಗಿದ್ದಿತು. ಇದರ ಅರ್ಥವನ್ನು ಅರಸರು ಬೇಗನೆ ಗ್ರಹಿಸಿದರು. ೧೫೧೭-೧೮ರಲ್ಲಿ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ನನು ತಾನಾಗಿ ಬೆಂಕಿ ಹೊತ್ತಿಸಿಕೊಳ್ಳುವ ಇಂತಹ ಕೋವಿಗಳನ್ನು ನಿಷೇಧಿಸಿದನು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ೧೫೪೧-೪೨ರ ಶಾಸನವು ಒಂದು ಗಜಕ್ಕಿಂತ ಗಿಡ್ಡನಾದ ಕೈಕೋವಿಗಳನ್ನು ಕೂಡದೆಂದಿತು. ಇಲ್ಲಿ ಗಮನಿಸಬೇಕಾದುದು ಅಳತೆಯ ವಿಚಾರ. ದೊಡ್ಡ ಕೋವಿ ಹೆಚ್ಚು ದೂರ ಹೊಡೆಯುತ್ತದೆ, ಹೆಚ್ಚು ಆಳಕ್ಕೆ ನಾಟುತ್ತದೆ. ಆದರೂ ಅರಸನು ಹೆದರಿದುದು ಚಿಕ್ಕದಕ್ಕೆ. ೧೩೨೮ರ ನಾರ್ಥಾಂಪ್ಟನ್ ಶಾಸನದ ಕಾಲದಲ್ಲಿ ಆಯುಧಪಾಣಿಯಾಗಿ ಬೀದಿಯಲ್ಲಿ ಅಡ್ಡಾಡುವವನೇ ಭಯದ ಮೂಲವಾಗಿದ್ದನು; ಎರಡು ಶತಮಾನಗಳ ತರುವಾಯ ಬರಿಗೈಯವನಂತೆ ಕಾಣುವವನೂ ಭಯದ ಮೂಲವಾದನು.

ಈ ಭಯವು ನಿರಾಧಾರವಾದುದಲ್ಲವೆಂಬುದು ೧೫೮೪ರ ಜುಲೈ ೧೦ರಂದು ಡೆಲ್ಫ್ಟ್ ನಗರದಲ್ಲಿ ಸ್ಥಿರಪಟ್ಟಿತು. ಡಚ್ಚರ ನಾಯಕನಾಗಿದ್ದ ಆರೆಂಜಿನ ವಿಲಿಯಮ್ಮನನ್ನು ಬಾಲ್ತಸಾರ್ ಜೆರಾರ್ಡ್ ಎಂಬಾತನು ಅವನ ಮನೆಯ ಮೆಟ್ಟಿಲ ಬಳಿಯಲ್ಲಿಯೇ ಪಿಸ್ತೂಲಿನಿಂದ ಕೊಂದನು. ರಾಷ್ಟ್ರನಾಯಕನೊಬ್ಬನು ಕೈಪಿಸ್ತೂಲಿಗೆ ಬಲಿಯಾದ ಮೊದಲ ಪ್ರಸಂಗವೆಂದು ಇದನ್ನು ಹೇಳುತ್ತಾರೆ. ಗುಂಡುಗಳು ಗೋಡೆಯಲ್ಲಿ ಮಾಡಿದವೆನ್ನಲಾದ ತೂತುಗಳನ್ನು ಆ ಕಟ್ಟಡದಲ್ಲಿ ಈಗಲೂ ತೋರಿಸುತ್ತಾರೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡನ್ನು ಇಲ್ಲಿ ಸಂಕ್ಷೇಪವಾಗಿ ದಾಟಬಹುದು. ದಾರಿಗಳ್ಳರ ಕಾಟವಿದ್ದ ಆ ಕಾಲದಲ್ಲಿ ಪ್ರಯಾಣಿಕರು ಮೇಲಂಗಿಯ ಜೇಬಿಗೆ ಹೊಂದುವ ಚಕಮಕಿ ಪಿಸ್ತೂಲುಗಳನ್ನು ಇಟ್ಟುಕೊಳ್ಳುತ್ತಿದ್ದರು. ಹೆಂಗಸರು ಚಳಿಗಾಲದಲ್ಲಿ ಕೈಗಳನ್ನು ಬೆಚ್ಚಗಿಡಲು ಬಳಸುತ್ತಿದ್ದ ತುಪ್ಪುಳಿನ ಕೈಚೀಲದಲ್ಲಿ ಇನ್ನೂ ಚಿಕ್ಕವನ್ನು ಅಡಗಿಸುತ್ತಿದ್ದರು. ಕಮ್ಮಾರರು ಕಂಡುಕೊಂಡ ಉಪಾಯಗಳೆಲ್ಲವೂ ಬಟ್ಟೆಯನ್ನು ಕುರಿತವು. ಪಕ್ಕದಲ್ಲಿ ಚಾಚಿಕೊಂಡಿದ್ದ ಕುದುರೆ ಜೇಬಿಗೆ ಸಿಕ್ಕಿಕೊಳ್ಳದಿರಲೆಂದು ಅದನ್ನು ನಡುವಿಗೆ ತಂದರು. ಟ್ರಿಗರನ್ನು ಒಳಕ್ಕೆ ಮಡಿಚಿಕೊಳ್ಳುವಂತೆ ಮಾಡಿದರು. ನಳಿಗೆಯನ್ನು ತಿರುಚಿ ಬಿಚ್ಚಿ ಹಿಂದಿನಿಂದಲೇ ಮದ್ದು ತುಂಬುವ ಏರ್ಪಾಡನ್ನು ರೂಢಿಗೆ ತಂದರು. ಕುದುರೆಯೆಂಬ ಮಾತನ್ನು ಇಲ್ಲಿ ನಮ್ಮ ಜನ ಬಳಸುವ ಅರ್ಥದಲ್ಲಿಯೇ, ಎಂದರೆ ಕೋವಿಯ ಹೊಡೆಯುವ ಅಂಗವೆಂಬ ಅರ್ಥದಲ್ಲಿ ಬಳಸಲಾಗಿದೆ.

ಈ ಚರಿತ್ರೆಯ ಕೇಂದ್ರಪುರುಷನು ಫಿಲಡೆಲ್ಫಿಯ ನಗರದ ಹೆನ್ರಿ ಡೆರಿಂಜರ್ (೧೭೮೬-೧೮೬೮). ಅವನ ತಂದೆಯೂ ಕೋವಿ ಮಾಡುವವನೇ. ಜರ್ಮನಿಯಿಂದ ಬಂದು ಪೆನ್ಸಿಲ್ವೇನಿಯದಲ್ಲಿ ನೆಲಸಿದ್ದವನು. ಮಗನು ಸರ್ಕಾರಕ್ಕೆ ಬಂದೂಕುಗಳನ್ನು ಒದಗಿಸಿ ಹೆಸರು ಪಡೆದನಾದರೂ, ಅವನನ್ನು ನಿಘಂಟಿಗೆ ಸೇರಿಸಿದುದು ಅಂಗೈಯಲ್ಲಿ ಅಡಗುವ ಪಿಸ್ತೂಲು. ಅಷ್ಟರಲ್ಲಿ ಚಕಮಕಿಯ ಕಲ್ಲು ಹಿಂದೆ ಸರಿದು, ಸ್ಫೋಟಕವನ್ನು ಸವರಿದ ತಾಮ್ರದ ಕೇಪು ಬಂದಿದ್ದಿತು. ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿಯೆಂದು ಕರೆಯುವುದು ಇದೇ ತತ್ತ್ವದ ಮೇಲೆ ನಡೆಯುವ ಆಯುಧ. ಕೇಪು ಗಾಳಿಗೆ ಹಾರದು, ಇಬ್ಬನಿಗೆ ಬೇಗನೆ ಕೆಡದು. ಆದುದರಿಂದ ಒಂದೇ ಗುಂಡಿನ ಚಿಕ್ಕ ಪಿಸ್ತೂಲನ್ನು ನಂಬಿ ಹೊರಡುವುದು ಸಾಧ್ಯವಾಯಿತು. ಒಂದೇ ಗುಂಡೆಂಬ ಕೊರತೆಯನ್ನು ನೀಗಲು ಇವನ್ನು ಸಾಮಾನ್ಯವಾಗಿ ಜೋಡಿಯಾಗಿ ಮಾರುತ್ತಿದ್ದರು. ೧೮೪೯ರ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆಯಿತೆಂಬ ಸುದ್ದಿ ಹಬ್ಬಿ, ಪರಸ್ಪರ ಪರಿಚಯವಿಲ್ಲದ ಸಾವಿರಾರು ಗಂಡಸರು ಪೋಲೀಸಿನವರಿಲ್ಲದ ಊರುಗಳಲ್ಲಿ ಸೇರಿದಾಗ ಡೆರಿಂಜರನ ಸರಕಿಗೆ ವಿಪರೀತ ಗಿರಾಕಿ ಉಂಟಾಯಿತು.

ಗಿರಾಕಿಯ ಹಿಂದೆಯೇ ನಕಲಿಯೂ ಬಂದಿತು. ಇತರ ತಯಾರಕರು ಅವನ ಮುದ್ರೆಯನ್ನೇ ಒತ್ತಿ ಮಾರಿದರು. ಕೆಲವರಂತೂ ಅದೇ ಅಡ್ಡಹೆಸರಿನ ದರ್ಜಿಯೊಬ್ಬನನ್ನು ಹುಡುಕಿ ಪಾಲಿಗೆ ಸೇರಿಸಿಕೊಂಡು, ಅವನ ಹೆಸರಿನಲ್ಲಿ ಪಿಸ್ತೂಲುಗಳನ್ನು ಹೊರಡಿಸಿದರೆಂದು ತಿಳಿದುಬರುತ್ತದೆ. ಜೇಬಿನ ಪಿಸ್ತೂಲಿಗೆ ದರ್ಜಿಯ ಹೆಸರು ಅಂಟಿದುದು ವಿನೋದವೇ ಸರಿ. ಡೆರಿಂಜರನು ದಾವೆ ಹೂಡಿದನು. ಕ್ಯಾಲಿಫೋರ್ನಿಯದ ನ್ಯಾಯಾಲಯವು ವ್ಯಾಪಾರಮುದ್ರೆಯ ಮೇಲಿನ ಅವನ ಹಕ್ಕನ್ನು ಎತ್ತಿಹಿಡಿಯಿತು. ಆದರೂ ಹೆಸರು ಅವನ ಕೈತಪ್ಪಿ ಹೋಗಿದ್ದಿತು. ಕಾಗುಣಿತದಲ್ಲಿ ಒಂದು ರಕಾರ ಹೆಚ್ಚಾಗಿ ಸೇರಿ, ಅದು ಯಾವುದೇ ಕಿರುಪಿಸ್ತೂಲಿಗೆ ಸಲ್ಲುವ ಸಾಮಾನ್ಯನಾಮವಾಯಿತು.

ಹೀಗೆ ಹೆಸರು ಹಬ್ಬಲು ಮುಖ್ಯ ಕಾರಣವಾದುದು ೧೮೬೫ರ ಏಪ್ರಿಲ್ ೧೪ರ ರಾತ್ರಿ. ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ನಾಟಕ ನೋಡುತ್ತ ಕುಳಿತಿದ್ದ ಅಧ್ಯಕ್ಷ ಅಬ್ರಹಾಂ ಲಿಂಕನ್ನನನ್ನು ನಟ ಜಾನ್ ವಿಲ್ಕ್ಸ್ ಬೂತ್ ಹಿಂದಿನಿಂದ ಬಂದು ಹೊಡೆದುದು ಡೆರಿಂಜರನ ಪಿಸ್ತೂಲಿನಿಂದಲೇ. ಆರು ಅಂಗುಲಕ್ಕೆ ತುಸು ಕಡಮೆಯ ಆ ಆಯುಧದಲ್ಲಿ ಇದ್ದುದು ಒಂದೇ ಗುಂಡು. ಬೂತನು ಇದನ್ನು ತಿಳಿದೇ ಜೊತೆಗೆ ಕತ್ತಿಯೊಂದನ್ನು ಇಟ್ಟುಕೊಂಡಿದ್ದನು; ತಡೆಯಬಂದ ಮೇಜರ್ ರಾತ್‌ಬೋನನನ್ನು ಅದರಿಂದಲೇ ಇರಿದನು. ಆತ್ಮರಕ್ಷಣೆಗೆಂದು ಮಾರಾಟವಾಗುತ್ತಿದ್ದ ಆಯುಧದ ಯಾವ ಗುಣಗಳನ್ನು ಪ್ರಯಾಣಿಕನು ಮೆಚ್ಚುತ್ತಿದ್ದನೋ ಅವೇ ಗುಣಗಳು, ಎಂದರೆ ಸದ್ದಿಲ್ಲದೆ ಜೊತೆಗೆ ಬರುವುದು, ಸಭ್ಯವಾದ ಉಡುಪನ್ನು ಕೆಡಿಸದಿರುವುದು, ನಾಲ್ಕು ಹೆಜ್ಜೆಯ ಒಳಗೆ ಕೆಲಸ ಮುಗಿಸುವುದು, ಕೊಲೆಗಾರನಿಗೂ ಒದಗಿದವು. ಈ ಇಬ್ಬಂದಿಯಿಂದ ಕಿರುಪಿಸ್ತೂಲು ಎಂದೂ ಬಿಡಿಸಿಕೊಳ್ಳಲಿಲ್ಲ.

ಅಮೆರಿಕದ ದಕ್ಷಿಣ ಮತ್ತು ಪಶ್ಚಿಮ ಸಂಸ್ಥಾನಗಳು ಅಷ್ಟರಲ್ಲಾಗಲೇ ಈ ವಿಷಯವನ್ನು ಕುರಿತು ಶಾಸನಗಳನ್ನು ಮಾಡಿದ್ದವು. ೧೮೧೩ರಲ್ಲಿ ಕೆಂಟಕಿ ಮತ್ತು ಲೂಸಿಯಾನ ಎಂಬೆರಡು ಸಂಸ್ಥಾನಗಳು ಆಯುಧವನ್ನು ಮರೆಮಾಡಿ ಧರಿಸುವುದನ್ನು ಅಪರಾಧವೆಂದು ವಿಧಿಸಿದವು. ಕೆಂಟಕಿಯ ಶಾಸನವು ಜೇಬು ಪಿಸ್ತೂಲು, ಬಾಕು, ಬೆತ್ತದೊಳಗಿನ ಕತ್ತಿ ಇವನ್ನು ಹೆಸರಿಸಿತು. ಪ್ರಯಾಣ ಹೊರಟವನಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಇಂಡಿಯಾನ (೧೮೨೦), ಜಾರ್ಜಿಯ (೧೮೩೭), ವರ್ಜೀನಿಯ (೧೮೩೮), ಅಲಬಾಮ (೧೮೩೯) ಮೊದಲಾದುವು ಹಿಂಬಾಲಿಸಿದವು. ಆಯುಧವಿಲ್ಲದೆ ಗಂಡಸು ಮನೆ ಬಿಡುವುದೇ ಅಪರೂಪವಾಗಿದ್ದ ಸೀಮೆಗಳಲ್ಲಿ ಇಂತಹ ಶಾಸನ ಹುಟ್ಟಿದುದೇಕೆ? ಮಾತಿಗೆ ಮಾತು ಬೆಳೆದು ದ್ವಂದ್ವಯುದ್ಧಕ್ಕೆ ತಿರುಗುತ್ತಿದ್ದ ಮಾನಾಪಮಾನದ ಸಂಸ್ಕೃತಿಯನ್ನು ಅಡಗಿಸುವ ಪ್ರಯತ್ನವೇ ಇದಕ್ಕೆ ಮೂಲವೆಂದು ಕ್ಲೇಟನ್ ಕ್ರೇಮರ್ ಎಂಬ ಇತಿಹಾಸಕಾರರು ೧೯೯೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾರೆ. ವಾದವು ಪೂರ್ಣವಾಗಿ ಒಪ್ಪುವಂತಹುದಲ್ಲದಿದ್ದರೂ, ಶಾಸನವು ತಡೆಯಲೆತ್ನಿಸಿದುದು ಆಯುಧವನ್ನಲ್ಲ, ಆಯುಧದ ಕಪಟವನ್ನು ಎಂಬುದು ಸ್ಪಷ್ಟವಾಗಿದೆ.

ನ್ಯಾಯಾಧೀಶರ ಮಾತುಗಳಲ್ಲಿ ಇದು ಇನ್ನೂ ಸ್ಫುಟವಾಗುತ್ತದೆ. ೧೮೨೨ರಲ್ಲಿ ಕೆಂಟಕಿಯ ನ್ಯಾಯಾಲಯವು ಬ್ಲಿಸ್ ಎಂಬಾತನ ಮೊಕದ್ದಮೆಯಲ್ಲಿ ಆ ಸಂಸ್ಥಾನದ ಶಾಸನವನ್ನು ತಳ್ಳಿಹಾಕಿತು; ಆದರೆ ಜನಾಭಿಪ್ರಾಯವು ಅದನ್ನು ಒಪ್ಪಲಿಲ್ಲ. ೧೮೫೦ರ ಹೊಸ ಸಂವಿಧಾನದಲ್ಲಿ, ಮರೆಯ ಆಯುಧವನ್ನು ತಡೆಯುವ ಅಧಿಕಾರವನ್ನು ಶಾಸನಸಭೆಗೆ ಸ್ಪಷ್ಟವಾಗಿ ಕೊಡಲಾಯಿತು. ೧೮೪೬ರಲ್ಲಿ ಜಾರ್ಜಿಯದ ನ್ಯಾಯಾಲಯವು ನನ್ ಎಂಬಾತನ ಮೊಕದ್ದಮೆಯಲ್ಲಿ, ಬಹಿರಂಗವಾಗಿ ಆಯುಧ ಧರಿಸುವುದನ್ನು ನಿಷೇಧಿಸುವಂತಿಲ್ಲ, ಮರೆಮಾಡಿ ಧರಿಸುವುದನ್ನು ನಿಷೇಧಿಸಬಹುದು ಎಂದು ತೀರ್ಪಿತ್ತಿತು. ೧೮೫೦ರ ಲೂಸಿಯಾನದ ಚಾಂಡ್ಲರ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಮತ್ತೂ ಮುಂದೆ ಹೋಗಿ, ಎಲ್ಲರಿಗೂ ಕಾಣುವಂತೆ ಆಯುಧ ಧರಿಸುವುದು ಮನುಷ್ಯನನ್ನು ಪೌರುಷಯುಕ್ತವಾದ ರಕ್ಷಣೆಗೆ ಪ್ರೇರಿಸುತ್ತದೆಂದೂ, ಗುಟ್ಟಾಗಿ ಧರಿಸುವುದು ಕಪಟದ ಮೇಲುಗೈಗೂ ಹೇಡಿಗಳ ಕೊಲೆಗೂ ದಾರಿಯೆಂದೂ ಅಭಿಪ್ರಾಯಪಟ್ಟಿತು. ಸೊಂಟದಲ್ಲಿ ಕಾಣುವ ಪಿಸ್ತೂಲು ಎದುರಾಳಿಗೆ ಎಚ್ಚರಿಕೆ ಕೊಡುತ್ತದೆ; ಜೇಬಿನಲ್ಲಿರುವುದು ಕೊಡುವುದಿಲ್ಲ. ಆ ಕಾಲದ ಧರ್ಮಸೂಕ್ಷ್ಮವೆಲ್ಲ ಈ ಒಂದು ಭೇದದಲ್ಲಿದೆ.

ಧರ್ಮಸೂಕ್ಷ್ಮದ ಹಿಂದೆ ಲೋಕವ್ಯವಹಾರವೂ ಇದ್ದಿತು. ಅಂತರ್ಯುದ್ಧ ಮುಗಿದು ದಾಸ್ಯವು ತೊಲಗಿದ ಬಳಿಕ, ೧೮೬೫ರಲ್ಲಿಯೇ ಮಿಸಿಸಿಪ್ಪಿಯು ಬಿಡುಗಡೆ ಹೊಂದಿದ ಕರಿಯರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಟೆನೆಸೀ ಸಂಸ್ಥಾನವು ಬೇರೊಂದು ದಾರಿ ಹಿಡಿಯಿತು. ಭೂಸೈನ್ಯ ಅಥವಾ ನೌಕಾಸೈನ್ಯದ ಮಾದರಿಯ ದೊಡ್ಡ ಪಿಸ್ತೂಲನ್ನು ಬಹಿರಂಗವಾಗಿ ಕೈಯಲ್ಲಿ ಹಿಡಿದು ಹೋಗಬಹುದು. ಜೇಬು ಪಿಸ್ತೂಲನ್ನು ಒಯ್ಯುವಂತಿಲ್ಲ, ೧೮೭೯ರ ಶಾಸನದಂತೆ ಮಾರುವಂತೆಯೂ ಇಲ್ಲ. ಸೈನ್ಯದ ಪಿಸ್ತೂಲು ಬೆಲೆಯುಳ್ಳದು. ಮಾಜಿ ಸೈನಿಕರ ಮನೆಗಳಲ್ಲಿ ಅದು ಮೊದಲೇ ಇದ್ದಿತು. ಅಗ್ಗದ ಚಿಕ್ಕ ರಿವಾಲ್ವರು ಮಾತ್ರ ಬಡವನ ಕೈಗೆಟಕುತ್ತಿದ್ದುದು. ಶಾಸನದ ಭಾರವು ಯಾರ ಮೇಲೆ ಬಿದ್ದಿತೆಂಬುದನ್ನು ಇದರಿಂದಲೇ ಊಹಿಸಬಹುದು; ಅದರ ಉದ್ದೇಶವೇ ಅದಾಗಿದ್ದಿತೆಂದು ಕೆಲವು ವಿದ್ವಾಂಸರ ಮತ.

ಅದೇ ಟೆನೆಸೀಯ ಮೆಂಫಿಸ್ ನಗರದಲ್ಲಿ ೧೮೯೨ರ ಮಾರ್ಚಿಯಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಟಾಮಸ್ ಮಾಸ್ ಎಂಬ ಕರಿಯನನ್ನೂ ಅವನ ಇಬ್ಬರು ಸಂಗಡಿಗರನ್ನೂ ಬಿಳಿಯರ ಗುಂಪೊಂದು ಸೆರೆಮನೆಯಿಂದ ಎಳೆದೊಯ್ದು ಕೊಂದಿತು. ಮಾಸನ ಸ್ನೇಹಿತೆಯೂ ಪತ್ರಿಕಾ ಸಂಪಾದಕಿಯೂ ಆಗಿದ್ದ ಐಡಾ ಬಿ. ವೆಲ್ಸ್ ಅವರು ಆ ಘಟನೆಯ ಅನಂತರ ತಾವು ಮೊದಲು ಮಾಡಿದ ಕೆಲಸ ಪಿಸ್ತೂಲೊಂದನ್ನು ಕೊಂಡುದೆಂದು ತಮ್ಮ ಆತ್ಮಚರಿತ್ರೆಯಲ್ಲಿ ಹೇಳಿದ್ದಾರೆ. ಮರೆಯ ಆಯುಧವನ್ನು ಹೇಡಿತನವೆಂದು ಸಾರಿದ ನ್ಯಾಯಾಧೀಶರು, ಬಹಿರಂಗವಾಗಿ ಆಯುಧ ಧರಿಸಿದರೆ ಜೀವವೇ ಉಳಿಯದ ಇಂತಹವರ ಸ್ಥಿತಿಯನ್ನು ಯೋಚಿಸಿದ್ದಂತೆ ತೋರುವುದಿಲ್ಲ. ಪೌರುಷದ ಬಹಿರಂಗ ರಕ್ಷಣೆಯೆಂಬುದು ಬಲವಂತನಿಗೆ ಮಾತ್ರ ದೊರೆಯುವ ಸೌಕರ್ಯ.

ಇನ್ನು ಯಂತ್ರದ ಕಡೆಗೆ ತಿರುಗೋಣ. ಸ್ಯಾಮ್ಯುಯೆಲ್ ಕೋಲ್ಟನು ೧೮೩೬ರಲ್ಲಿ ಹಕ್ಕುಪತ್ರ ಪಡೆದ ರಿವಾಲ್ವರುಗಳ ಪೈಕಿ, ಕೇಪಿನ ಕಾಲದಲ್ಲಿ ಅತಿ ಹೆಚ್ಚು ಮಾರಾಟವಾದುದು ಸೈನ್ಯದ ಮಾದರಿಯಲ್ಲ, ೧೮೪೯ರ ಜೇಬಿನ ಮಾದರಿ. ಅದು ಮೂರು ಲಕ್ಷಕ್ಕೂ ಮಿಕ್ಕು ತಯಾರಾಯಿತು. ೧೮೫೭ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯು ಮದ್ದು, ಗುಂಡು, ಕೇಪು ಮೂರೂ ಒಂದೇ ಲೋಹದ ತೋಟಾದಲ್ಲಿ ಅಡಕವಾದ ಏಳು ಗುಂಡಿನ ಕಿರು ರಿವಾಲ್ವರನ್ನು ಹೊರತಂದಿತು. ಅದರ ಹಕ್ಕುಪತ್ರವು ೧೮೬೯ರಲ್ಲಿ ಮುಗಿಯುತ್ತಲೇ ಅಗ್ಗದ ನಕಲುಗಳ ಪ್ರವಾಹ ಹರಿಯಿತು. ಆಗ ಕೊಳ್ಳುವವನ ಮುಂದಿದ್ದ ಪ್ರಶ್ನೆ ಗುಂಡು ಎಷ್ಟು ದೂರ ಹೋಗುತ್ತದೆಂಬುದಲ್ಲ, ಜೇಬಿನಲ್ಲಿದ್ದಾಗ ತನ್ನ ತೊಡೆಗೇ ಹಾರದೆ ಇದ್ದೀತೆ ಎಂಬುದು. ೧೮೮೭ರಲ್ಲಿ ಬಂದ, ಕುದುರೆಯನ್ನು ಒಳಗೇ ಮುಚ್ಚಿ, ಹಿಡಿಯನ್ನು ಬಿಗಿಯಾಗಿ ಒತ್ತಿದ ಹೊರತು ಹಾರದಂತೆ ಮಾಡಿದ ರಿವಾಲ್ವರು ಈ ಪ್ರಶ್ನೆಗೆ ಉತ್ತರವಾಗಿದ್ದಿತು. ಮೈಬೆವರಿಗೆ ತುಕ್ಕು ಹಿಡಿಯದಿರಲೆಂದು ನಿಕಲ್ ಲೇಪವನ್ನು ಕೊಡುತ್ತಿದ್ದರು. ಷರಾಯಿಯ ಹಿಂಭಾಗದ ಜೇಬಿಗೆ ಪಿಸ್ತೂಲು ಜೇಬೆಂಬ ಹೆಸರೇ ಬಂದಿದ್ದಿತು.

೧೯೦೧ರ ಸೆಪ್ಟೆಂಬರ್ ೬ರಂದು ಬಫೆಲೊ ನಗರದ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷ ಮೆಕಿನ್ಲಿಯು ಜನರ ಕೈಕುಲುಕುತ್ತಿದ್ದಾಗ, ಚೊಲ್ಗೋಷ್ ಎಂಬಾತನು ಕೈಗೆ ಗಾಯವಾಗಿ ಬಟ್ಟೆ ಕಟ್ಟಿದವನಂತೆ ಕರವಸ್ತ್ರದೊಳಗೆ ಇಂತಹುದೇ ರಿವಾಲ್ವರೊಂದನ್ನು ಅಡಗಿಸಿ ತಂದು ಹೊಡೆದನು. ಅದೇ ಸುಮಾರಿನಲ್ಲಿ ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ ಶಿಲ್ಪಿಯ ಕೈಯಲ್ಲಿ ಪಿಸ್ತೂಲು ಚಪ್ಪಟೆಯಾಯಿತು. ಬೆಲ್ಜಿಯಂ ದೇಶದ ಎಫ್. ಎನ್. ಕಾರ್ಖಾನೆಯು ಅವನ ವಿನ್ಯಾಸದಂತೆ ಮಾಡಿದ ೧೯೦೦ರ ಮಾದರಿಯಲ್ಲಿ, ಗುಂಡಿನ ಒದೆತದಿಂದಲೇ ಮೇಲಿನ ಲೋಹದ ತೊಟ್ಟಿಲು ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಎಸೆದು ಹೊಸತನ್ನು ಸೇರಿಸಿಕೊಳ್ಳುತ್ತಿದ್ದಿತು. ತೋಟಾಗಳು ಹಿಡಿಯೊಳಗೆ ಸಾಲಾಗಿ ಕುಳಿತುದರಿಂದ ರಿವಾಲ್ವರಿನ ಉಬ್ಬಿದ ಉರುಳೆಯ ಕಾಟ ತಪ್ಪಿತು. ಇದನ್ನೇ ಕುಗ್ಗಿಸಿ ೧೯೦೫ರ ಸುಮಾರಿಗೆ ಮಾಡಿದ, ಒಳಕೋಟಿನ ಜೇಬಿಗೆ ಹೊಂದುವ ನಾಲ್ಕೂವರೆ ಅಂಗುಲದ ಪಿಸ್ತೂಲು ಯೂರೋಪಿನಲ್ಲೆಲ್ಲ ಹರಡಿತು. ಸ್ಪೇನಿನ ಏಬಾರ್ ಪಟ್ಟಣದ ಕಮ್ಮಾರರು ಅದನ್ನು ಲೆಕ್ಕವಿಲ್ಲದಷ್ಟು ನಕಲು ಮಾಡಿದರು. ೧೯೧೪ರ ಜೂನ್ ೨೮ರಂದು ಸರಾಯೆವೊದಲ್ಲಿ ಗಾವ್ರಿಲೊ ಪ್ರಿನ್ಸಿಪನ ಕೈಯಲ್ಲಿದ್ದುದು ಬ್ರೌನಿಂಗನ ೧೯೧೦ರ ಮಾದರಿ. ಆ ಗುಂಡುಗಳ ಪರಿಣಾಮವನ್ನು ಇಲ್ಲಿ ಹೇಳಬೇಕಾದುದಿಲ್ಲ.

ನ್ಯೂಯಾರ್ಕ್ ಸಂಸ್ಥಾನವು ೧೯೧೧ರಲ್ಲಿ, ಮೈಮೇಲೆ ಮರೆಮಾಡಬಲ್ಲಷ್ಟು ಚಿಕ್ಕದಾದ ಯಾವ ಕೋವಿಯನ್ನಾದರೂ ಇಟ್ಟುಕೊಳ್ಳಲು ಪರವಾನಗಿ ಬೇಕೆಂದು ಸಲಿವನ್ ಶಾಸನವೆಂಬ ಹೆಸರಿನಿಂದ ಖ್ಯಾತವಾದ ಶಾಸನವನ್ನು ಮಾಡಿತು. ಅದೇ ವರ್ಷದ ಜನವರಿಯಲ್ಲಿ ಕಾದಂಬರಿಕಾರ ಡೇವಿಡ್ ಗ್ರಹಾಂ ಫಿಲಿಪ್ಸನು ನಗರದ ನಡುವೆಯೇ ಗುಂಡಿಗೆ ಬಲಿಯಾಗಿದ್ದನು. ೧೯೧೩ರ ತಿದ್ದುಪಡಿಯಂತೆ, ಮರೆಮಾಡಿ ಒಯ್ಯಲು ಯೋಗ್ಯ ಕಾರಣವನ್ನು ತೋರಿಸಬೇಕಾಯಿತು. ಯೋಗ್ಯವಾವುದು, ಅಲ್ಲದುದಾವುದು ಎಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟುದು. ಹತ್ತೊಂಬತ್ತನೆಯ ಶತಮಾನದ ಶಾಸನವು ಎಲ್ಲರಿಗೂ ಒಂದೇ ಮಾತನ್ನು ಹೇಳಿದ್ದಿತು. ಇಪ್ಪತ್ತನೆಯದು ಅಧಿಕಾರಿಯ ಮೇಜಿನ ಮುಂದೆ ಒಬ್ಬೊಬ್ಬರನ್ನೂ ನಿಲ್ಲಿಸಿತು. ಆ ಮೇಜಿನ ಮುಂದೆ ನಿಂತವರಲ್ಲಿ ಒಬ್ಬರನ್ನು ಹೆಸರಿಸಬೇಕು. ೧೯೫೬ರ ಜನವರಿ ೩೦ರಂದು ಅಲಬಾಮದ ಮಾಂಟ್‌ಗೊಮರಿಯಲ್ಲಿ ತಮ್ಮ ಮನೆಗೆ ಬಾಂಬು ಬಿದ್ದ ಬಳಿಕ ಮಾರ್ಟಿನ್ ಲೂಥರ್ ಕಿಂಗ್ ಅವರು ಪಿಸ್ತೂಲು ಒಯ್ಯಲು ಪರವಾನಗಿ ಕೇಳಿದರು. ಅದು ನಿರಾಕೃತವಾಯಿತು. ಅಹಿಂಸೆಯ ದಾರಿಯಲ್ಲಿ ಇನ್ನೂ ಹೆಜ್ಜೆಯೂರುತ್ತಿದ್ದ ಅವರು ಮುಂದೆ ಕೋವಿಯನ್ನು ತಾವಾಗಿಯೇ ತೊರೆದರು. ಆ ತ್ಯಾಗದ ಹಿರಿಮೆ ನಿರಾಕರಿಸಿದ ಅಧಿಕಾರಿಯದಲ್ಲ.

ಒಯ್ಯುವ ಸಾಧನಗಳನ್ನು ಕುರಿತು ಎರಡು ಮಾತು. ಹೋಲ್ಸ್ಟರ್ ಎಂಬ ತೊಗಲಿನ ಒರೆ ಮೊದಲು ಕುದುರೆಯ ಜೀನಿಗೆ ತೂಗುತ್ತಿದ್ದಿತು. ರಾವುತನು ಇಳಿದಾಗ ಅದು ಅವನ ಸೊಂಟಕ್ಕೆ ಬಂದಿತು. ಮಫ್ತಿಯ ಪೋಲೀಸಿನವನು ಹುಟ್ಟಿದಾಗ ಕೋಟಿನ ಒಳಗೆ, ತೋಳಿನ ಅಡಿಗೆ ಸರಿಯಿತು. ಕೋಲ್ಟ್ ಸಂಸ್ಥೆಯು ೧೯೨೭ರಲ್ಲಿ ಪತ್ತೇದಾರರ ಹೆಸರಿನಲ್ಲಿಯೇ ಎರಡಂಗುಲ ನಳಿಗೆಯ ರಿವಾಲ್ವರನ್ನು ಹೊರಡಿಸಿತು. ೧೯೫೦ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯು ಆರು ಗುಂಡಿನ ಬದಲು ಐದಕ್ಕೆ ತೃಪ್ತಿಪಟ್ಟು ಉರುಳೆಯನ್ನು ಇನ್ನಷ್ಟು ಕಿರಿದುಮಾಡಿತು. ಪೋಲೀಸು ಮುಖ್ಯಾಧಿಕಾರಿಗಳ ಸಮ್ಮೇಳನದಲ್ಲಿ ಮತ ಹಾಕಿ ಅದಕ್ಕೆ ಮುಖ್ಯಾಧಿಕಾರಿಗಳ ಪಿಸ್ತೂಲೆಂದು ಹೆಸರಿಟ್ಟರು. ಒಂದು ಗುಂಡನ್ನು ಬಿಟ್ಟುಕೊಟ್ಟು ಒಂದು ಕೂದಲೆಳೆಯಷ್ಟು ತೆಳುವನ್ನು ಪಡೆಯುವ ಈ ಚೌಕಾಶಿಯೇ ಕಿರುಪಿಸ್ತೂಲಿನ ಆಯ್ಕೆಯ ಸಾರ. ಹಗುರವಾದುದು ಕೈಗೆ ಹೆಚ್ಚು ಒದೆಯುತ್ತದೆ. ಭಾರವಾದುದು ಎರಡು ದಿನ ಸೊಂಟದಲ್ಲಿದ್ದು ಮೂರನೆಯ ದಿನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಒರೆಗಳು ಟ್ರಿಗರನ್ನು ಮುಚ್ಚುವಂತೆಯೂ, ಷರಾಯಿಯ ಒಳಗೆ ನಿಲ್ಲುವಂತೆಯೂ ಮಾರ್ಪಟ್ಟವು. ತೊಗಲಿನ ಜೊತೆಗೆ ಅಚ್ಚೊತ್ತಿದ ಪ್ಲಾಸ್ಟಿಕ್ಕಿನವೂ ಬಂದವು. ಭಾರಕ್ಕೆ ಬಾಗದಂತೆ ದಪ್ಪನೆಯ ನಡುಪಟ್ಟಿ, ಉಬ್ಬು ಕಾಣದಂತೆ ಸಡಿಲವಾದ ಮೇಲಂಗಿ ಇವೂ ಈ ಸಾಮಗ್ರಿಯಲ್ಲಿ ಸೇರಿದವು. ಪಿಸ್ತೂಲು ಉಡುಪಿಗೆ ಹೊಂದಿಕೊಳ್ಳುವುದು ಹೋಗಿ, ಉಡುಪೇ ಪಿಸ್ತೂಲಿಗೆ ಹೊಂದಿಕೊಂಡಿತು.

ಶಾಸನವು ತಿರುಗಿಬಿದ್ದುದು ೧೯೮೭ರಲ್ಲಿ ಎನ್ನಬಹುದು. ಆ ವರ್ಷ ಫ್ಲಾರಿಡವು, ಗೊತ್ತಾದ ಅರ್ಹತೆಗಳುಳ್ಳ ಯಾವನಿಗೇ ಆಗಲಿ ಮರೆಮಾಡಿ ಒಯ್ಯುವ ಪರವಾನಗಿಯನ್ನು ಕೊಡಲೇಬೇಕೆಂದು ವಿಧಿಸಿತು. ಇದು ಮೊದಲನೆಯದಲ್ಲದಿದ್ದರೂ ಇತರ ಸಂಸ್ಥಾನಗಳಿಗೆ ಮಾದರಿಯಾದುದು ಇದೇ. ಆಯುಧವನ್ನು ಬಹಿರಂಗವಾಗಿ ತೋರಿಸುವವನು ಈಗ ಜನರನ್ನು ಬೆದರಿಸುವ ಅಸಭ್ಯನೆನಿಸಿದನು. ಮರೆಮಾಡಿದವನು ನೆರೆಯವರ ಮನಶ್ಶಾಂತಿಯನ್ನು ಕಾಯುವ ಸಜ್ಜನನೆನಿಸಿದನು. ೧೯೯೪ರ ಕೇಂದ್ರಶಾಸನವೊಂದು ಹೊಸ ಪಿಸ್ತೂಲಿನ ತೋಟಾಗೂಡಿನಲ್ಲಿ ಹತ್ತಕ್ಕಿಂತ ಹೆಚ್ಚು ಗು೦ಡು ಹಿಡಿಯಕೂಡದೆಂದಿತು. ಹತ್ತೇ ಗುಂಡು ಎಂದಾದ ಮೇಲೆ ಹತ್ತಕ್ಕೆ ಸಾಕಾಗುವಷ್ಟೇ ಪಿಸ್ತೂಲನ್ನು ಏಕೆ ಮಾಡಬಾರದೆಂದು ತಯಾರಕರು ಯೋಚಿಸಿದರು. ಆಸ್ಟ್ರಿಯದ ಗ್ಲಾಕ್ ಸಂಸ್ಥೆಯ ೨೬ನೆಯ ಮಾದರಿಯು ಆ ದಶಕದಲ್ಲಿಯೇ ಬಂದಿತು. ಆ ಶಾಸನವು ೨೦೦೪ರಲ್ಲಿ ಮುಗಿದರೂ ಪಿಸ್ತೂಲು ಮತ್ತೆ ದೊಡ್ಡದಾಗಲಿಲ್ಲ. ೨೦೧೮ರಲ್ಲಿ ಸಿಗ್ ಸಂಸ್ಥೆಯು ಸುಮಾರು ಒಂದಂಗುಲ ದಪ್ಪದ ಪಿಸ್ತೂಲಿನಲ್ಲಿಯೇ ಹತ್ತು ಗುಂಡನ್ನು ಅಡಕಮಾಡಿತು.

ಇಷ್ಟು ಜನರು ಆಯುಧ ಧರಿಸಿದುದರಿಂದ ಅಪರಾಧವು ಕಡಮೆಯಾಯಿತೆ? ಆಯಿತೆಂದು ಅರ್ಥಶಾಸ್ತ್ರಜ್ಞ ಜಾನ್ ಲಾಟ್ ೧೯೯೮ರ ಗ್ರಂಥದಲ್ಲಿ ಸಾಧಿಸಹೊರಟರು. ೨೦೦೪ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ತಜ್ಞಸಮಿತಿಯು ಅದೇ ಅಂಕಿಗಳನ್ನು ಪರೀಕ್ಷಿಸಿ, ಹೆಚ್ಚಿತೆಂದಾಗಲಿ ತಗ್ಗಿತೆಂದಾಗಲಿ ನಿರ್ಣಯಿಸಲು ಆಧಾರ ಸಾಲದೆಂದಿತು. ೨೦೧೯ರಲ್ಲಿ ಜಾನ್ ಡೊನಹ್ಯೂ ಮತ್ತು ಸಂಗಡಿಗರು ಹಿಂಸಾಪರಾಧವು ಹೆಚ್ಚಿತೆಂದೇ ಲೆಕ್ಕ ತೋರಿಸಿದರು. ಅಂಕಿಅಂಶಗಳ ಈ ವಿವಾದದಲ್ಲಿ ನಮ್ಮ ಒಲವು ಕಡೆಯವರ ಕಡೆಗಿದ್ದರೂ, ಶಾಸನವು ಇವರಾರನ್ನೂ ಕಾಯಲಿಲ್ಲವೆಂಬುದು ಇತಿಹಾಸಕಾರನಿಗೆ ಮುಖ್ಯ. ೨೦೨೨ರ ಜೂನ್ ೨೩ರಂದು ಬ್ರೂಯೆನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯೂಯಾರ್ಕಿನ ಯೋಗ್ಯ ಕಾರಣದ ನಿಯಮವನ್ನು ರದ್ದುಗೊಳಿಸಿತು. ನನ್, ಚಾಂಡ್ಲರ್ ಮೊದಲಾದ ಹಳೆಯ ತೀರ್ಪುಗಳನ್ನು ಅಲ್ಲಿ ಉಭಯಪಕ್ಷದವರೂ ಓದಿದರು. ಕೆಂಟಕಿಯು ೨೦೧೯ರಲ್ಲಿಯೂ ಲೂಸಿಯಾನವು ೨೦೨೪ರ ಜುಲೈ ೪ರಿಂದಲೂ ಪರವಾನಗಿಯೇ ಇಲ್ಲದೆ ಮರೆಮಾಡಿ ಒಯ್ಯಲು ವಯಸ್ಕರಿಗೆ ಅವಕಾಶ ಕೊಟ್ಟವು. ೧೮೧೩ರಲ್ಲಿ ಮೊತ್ತಮೊದಲು ನಿಷೇಧಿಸಿದವು ಈ ಎರಡೇ.

ನಮ್ಮ ದೇಶದಲ್ಲಿ ಪ್ರಶ್ನೆಯು ಬೇರೆ ರೂಪದಲ್ಲಿ ಬಂದಿತು. ಲಿಟ್ಟನ್ನನ ಕಾಲದ ೧೮೭೮ರ ಆಯುಧ ಶಾಸನಕ್ಕೆ ಆಯುಧವು ಕಾಣುತ್ತದೆಯೋ ಇಲ್ಲವೋ ಎಂಬುದು ಮುಖ್ಯವಾಗಿರಲಿಲ್ಲ. ಹಿಡಿದವನು ಆಳುವವನೋ ಆಳಿಸಿಕೊಳ್ಳುವವನೋ ಎಂಬುದು ಮುಖ್ಯವಾಗಿದ್ದಿತು. ೧೮೮೭ರ ಮದರಾಸು ಕಾಂಗ್ರೆಸ್ಸಿನಲ್ಲಿಯೇ ಅದರ ವಿರುದ್ಧ ಧ್ವನಿಯೆದ್ದಿತು. ೧೯೩೧ರ ಕರಾಚಿಯ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕೂ ಸೇರಿದ್ದಿತು. ಸ್ವಾತಂತ್ರ್ಯಾನಂತರದ ೧೯೫೯ರ ಶಾಸನವು ೧೯೬೨ರಲ್ಲಿ ಜಾರಿಗೆ ಬಂದಾಗ ಪರವಾನಗಿಯ ಕ್ರಮವೇ ಉಳಿಯಿತು. ದೆಹಲಿಯ ೨೦೧೨ರ ಘೋರ ಕೃತ್ಯದ ತರುವಾಯ, ೨೦೧೪ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯು ಹೆಂಗಸರ ಕೈಚೀಲಕ್ಕೆಂದು ‘ನಿರ್ಭೀಕ್’ ಎಂಬ ೫೦೦ ಗ್ರಾಂ ತೂಕದ ರಿವಾಲ್ವರನ್ನು ಹೊರಡಿಸಿತು. ಬೆಲೆ ೧,೨೨,೩೬೦ ರೂಪಾಯಿ. ರಾತ್ರಿಯ ಬಸ್ಸನ್ನು ಕಾಯುವ ಹೆಣ್ಣುಮಗಳು ಅದನ್ನು ಕೊಳ್ಳಬಲ್ಲಳೆ ಎಂಬ ಪ್ರಶ್ನೆಯನ್ನು ಆಗಲೇ ಹಲವರು ಕೇಳಿದರು. ಟೆನೆಸೀಯ ಸೈನ್ಯದ ಪಿಸ್ತೂಲಿನ ಬೆಲೆಯನ್ನು ವಾಚಕರು ಇಲ್ಲಿ ನೆನೆಯಬಹುದು.

ಕೊಡಗಿನದು ಇವೆಲ್ಲಕ್ಕಿಂತ ಭಿನ್ನವಾದ ಪರಂಪರೆ. ಮೈಸೂರು ಮತ್ತು ಕೊಡಗುಗಳ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ನರು ೧೮೬೧ರ ಫೆಬ್ರವರಿಯಲ್ಲಿ ಕೊಡವರನ್ನು ನಿರಾಯುಧೀಕರಣ ಶಾಸನದಿಂದ ಮುಕ್ತಗೊಳಿಸಿದರು. ಕೆಲವೇ ವಾರಗಳಲ್ಲಿ ಅವರು ಅಧಿಕಾರ ಬಿಟ್ಟು ಸ್ವದೇಶಕ್ಕೆ ಹೋಗುವ ದಾರಿಯಲ್ಲಿ ಸೂಯೆಜ್ಜಿನಲ್ಲಿ ತೀರಿಕೊಂಡರು. ಆ ವಿನಾಯಿತಿಯು ಮಾತ್ರ ಉಳಿಯಿತು. ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಸಲ್ಲುವ ಅದನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಎಂದರೆ ೨೦೨೯ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇಲ್ಲಿ ಆಯುಧವು ಮರೆಯದಲ್ಲ. ಕೈಲ್ ಪೊಳ್ದಿನ ದಿನ ಅದಕ್ಕೆ ಪೂಜೆ ಸಲ್ಲುತ್ತದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ತಿಳಿಸುವ ವಾಡಿಕೆಯಿದೆ. ವಿನಾಯಿತಿಯ ಮಾತಿನಲ್ಲಿ ಪಿಸ್ತೂಲು, ರಿವಾಲ್ವರುಗಳೂ ಸೇರಿವೆ. ಆದರೆ ಕೊಡವ ಗಂಡಸಿನ ಸಾಂಪ್ರದಾಯಿಕ ಉಡುಪಿನಲ್ಲಿ, ಮುಂಗಡೆ ಚೇಲೆಯಲ್ಲಿ ಬೆಳ್ಳಿಯ ಸರಪಳಿಯ ಪೀಚೆಕತ್ತಿಗೂ ಬೆನ್ನ ಹಿಂದೆ ತೋಡಂಗಿನಲ್ಲಿ ಒಡಿಕತ್ತಿಗೂ ಗೊತ್ತಾದ ಸ್ಥಳವಿದೆ. ತೋಕು ಹೆಗಲ ಮೇಲಿರುತ್ತದೆ. ಪಿಸ್ತೂಲಿಗೆಂದು ಆ ಕುಪ್ಯದಲ್ಲಿ ಯಾವ ಜೇಬನ್ನೂ ಹೊಲಿದಿಲ್ಲ.